ಒಡೆದ ಗಾಜು: ಕಸವೋ, ಕಟ್ಟಡದ ಸಾಮಾನೋ?

ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ, ಸಿರಸಂಗಿ

ಸಿಮೆಂಟಿಗೆ ಗಾಜು ಬೆರೆಸುವುದು ಎಂದ ಕೂಡಲೇ ಅದು ಎಲ್ಲೋ ಹೊರದೇಶದ ಹೊಸ ಸಂಶೋಧನೆ ಇರಬೇಕು ಎಂದು ನಮಗೆ ಅನಿಸುತ್ತದೆ. ಆದರೆ ಸವದತ್ತಿ ತಾಲೂಕಿನ ಯಾವ ಊರಿಗೆ ಹೋದರೂ ಒಂದಾದರೂ ಕಂಪೌಂಡ್ ಗೋಡೆಯ ತಲೆಯ ಮೇಲೆ ಬಾಟ್ಲಿ ಚೂರುಗಳನ್ನು ಸಾಲಾಗಿ ನೆಟ್ಟಿರುವುದು ಕಾಣುತ್ತದೆ. ಕಳ್ಳರು ಹತ್ತಬಾರದು, ಮಂಗ ಕೂಡಬಾರದು ಎಂದು ಮಾಡಿದ ವ್ಯವಸ್ಥೆ ಅದು. ಅಂದರೆ ಗಾಜು ಮತ್ತು ಸಿಮೆಂಟಿನ ಗೆಳೆತನ ನಮ್ಮ ಊರುಗಳಿಗೆ ಹಳೆಯದೇ. ಗೋಡೆಯ ಮೇಲೆ ಆಯುಧವಾಗಿ ನಿಲ್ಲುವ ಗಾಜನ್ನು ಗೋಡೆಯ ಒಳಗೆ, ನೆಲದ ಕೆಳಗೆ, ದಾರಿಯ ಕಲ್ಲಿನಲ್ಲಿ ಬಳಸಲು ಬರುತ್ತದೆಯೇ ಎಂಬುದೇ ಈ ಲೇಖನದ ಪ್ರಶ್ನೆ.

ವಾಣಿಜ್ಯ ವಿಭಾಗದವಳು ವಿಜ್ಞಾನದ ವಿಷಯ ಯಾಕೆ ಬರೆಯುತ್ತಿದ್ದಾಳೆ ಎಂದು ಕೆಲವರು ಕೇಳಬಹುದು. ಕಾರಣ ಮನೆಯಲ್ಲೇ ಇದೆ. ನನ್ನ ಅಬ್ಬಾ ಗವಂಡಿ ಕೆಲಸ ಮಾಡುತ್ತಾರೆ. ನನ್ನ ನಾನಿ ಬಹಳ ವರ್ಷ ಜಾತ್ರೆಯಿಂದ ಜಾತ್ರೆಗೆ ಹೋಗಿ ಬಳೆ ಮಾರಿದವರು. ಒಂದು ಕಡೆ ಸಿಮೆಂಟು, ಇನ್ನೊಂದು ಕಡೆ ಕಾಂಚು. ಇವೆರಡರ ಮಾತು ಕೇಳುತ್ತಲೇ ನಾನು ಬೆಳೆದಿದ್ದೇನೆ. ಮೇಲಾಗಿ ಈ ವಿಷಯದಲ್ಲಿ ರಸಾಯನಶಾಸ್ತ್ರ ಎಷ್ಟಿದೆಯೋ ಲೆಕ್ಕಪತ್ರವೂ ಅಷ್ಟೇ ಇದೆ.

ಕಬ್ಬಿಣ ಹೋಗುತ್ತದೆ, ಗಾಜು ಉಳಿಯುತ್ತದೆ

ನಮ್ಮ ಓಣಿಯ ತಿಪ್ಪೆಯನ್ನು ಒಂದು ವಾರ ಗಮನಿಸಿ ನೋಡಿ. ಕಬ್ಬಿಣದ ತುಂಡು ಒಂದು ದಿನವೂ ಉಳಿಯುವುದಿಲ್ಲ. ರಟ್ಟು, ಪ್ಲಾಸ್ಟಿಕ್ ಡಬ್ಬಿ, ಹಳೆಯ ಚಪ್ಪಲಿ ಎಲ್ಲವೂ ಭಂಗಾರದ ಅಂಗಡಿ ಸೇರುತ್ತವೆ. ಇಡಿಯಾಗಿರುವ ಬಿಯರ್ ಬಾಟ್ಲಿಯನ್ನೂ ಆಯ್ದು ಒಯ್ಯುತ್ತಾರೆ, ಏಕೆಂದರೆ ಅದನ್ನು ತೊಳೆದು ಮತ್ತೆ ತುಂಬುವ ಕಂಪನಿಗಳಿವೆ. ಆದರೆ ಬಾಟ್ಲಿ ಒಡೆಯಿತೋ, ಅದರ ಬೆಲೆ ಅಲ್ಲಿಗೆ ಮುಗಿಯಿತು. ಒಡೆದ ಕಿಟಕಿ ಗಾಜು, ಉಪ್ಪಿನಕಾಯಿ ಭರಣಿಯ ಚೂರು, ಔಷಧದ ಬಾಟ್ಲಿ, ಬಳೆ ಚೂರು ಇವೆಲ್ಲ ಅಲ್ಲೇ ಬಿದ್ದಿರುತ್ತವೆ. ಮಳೆ ಬಂದಾಗ ಹಳ್ಳಕ್ಕೆ, ಹಳ್ಳದಿಂದ ಹೊಲಕ್ಕೆ ಹೋಗುತ್ತವೆ. ಎರಿ ಹೊಲದಲ್ಲಿ ಹೂತ ಚೂರು ಎತ್ತಿನ ಕಾಲಿಗೋ, ಕಳೆ ತೆಗೆಯುವ ಹೆಂಗಸಿನ ಕೈಗೋ ತಾಗಿದಾಗಲೇ ಅದು ಇದೆ ಎಂದು ಗೊತ್ತಾಗುವುದು.

ಗಾಜು ಯಾಕೆ ಉಳಿಯುತ್ತದೆ? ಉತ್ತರ ಅರ್ಥಶಾಸ್ತ್ರದಲ್ಲಿದೆ. ಗಾಜು ತೂಕದ ವಸ್ತು, ಆದರೆ ಕೆಜಿಗೆ ಸಿಗುವ ಬೆಲೆ ಬಹಳ ಕಡಿಮೆ. ಒಂದು ಗಾಡಿ ಗಾಜು ಸಾಗಿಸುವ ಖರ್ಚು, ಆ ಗಾಜಿನ ಬೆಲೆಯನ್ನೇ ತಿಂದುಬಿಡುತ್ತದೆ. ದೇಶದ ಬಳೆಗಳ ದೊಡ್ಡ ತವರು ಉತ್ತರ ಪ್ರದೇಶದ ಫಿರೋಜಾಬಾದ್. ಅದು ನಮ್ಮಿಂದ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ. ಬಳೆ ಅಲ್ಲಿಂದ ಇಲ್ಲಿಗೆ ಬರುವಾಗ ಅದಕ್ಕೆ ಬೆಲೆ ಇರುತ್ತದೆ, ಚೂರಾದ ಮೇಲೆ ವಾಪಸ್ ಹೋಗಲು ಬಾಡಿಗೆ ಕೊಡುವವರು ಯಾರೂ ಇಲ್ಲ. ಇದರ ಜೊತೆ ಕೈ ಕೊಯ್ಯುವ ಭಯ ಬೇರೆ. ಆಯುವವರು ಬರಿಗೈಯಲ್ಲಿ ಆಯುತ್ತಾರೆ, ಅವರಿಗೆ ಗಾಜಿನಿಂದ ಲಾಭಕ್ಕಿಂತ ಗಾಯವೇ ಹೆಚ್ಚು.

ನಮ್ಮ ಭಾಗದಲ್ಲಿ ಗಾಜಿನ ಇನ್ನೊಂದು ವಿಶೇಷವೂ ಇದೆ. ಸವದತ್ತಿ ಯಲ್ಲಮ್ಮನ ಗುಡ್ಡದಲ್ಲಿ ಹೊಸ್ತಿಲ ಹುಣ್ಣಿಮೆಗೆ ಬಳೆ ಒಡೆಯುವ, ಮುಂದೆ ಭಾರತ ಹುಣ್ಣಿಮೆಗೆ ಮತ್ತೆ ಹಸಿರು ಬಳೆ ತೊಡುವ ಪದ್ಧತಿ ಇದೆ. ನಮ್ಮೂರಿನ ಕಾಳಮ್ಮನ ಜಾತ್ರೆಗೂ ದೂರದೂರದ ಜನ ಬರುತ್ತಾರೆ. ಜಾತ್ರೆಯಲ್ಲಿ ಬಳೆ ಅಂಗಡಿ ಇಟ್ಟಾಗ ಗಾಡಿಯಲ್ಲಿ ಬರುವ ದಾರಿಯಲ್ಲೇ ಪೆಟ್ಟಿಗೆಗಟ್ಟಲೆ ಬಳೆ ಒಡೆದು ಹೋಗುತ್ತಿದ್ದವಂತೆ. ನಾನಿ ಅವನ್ನು ಲೆಕ್ಕದಲ್ಲಿ ನಷ್ಟ ಎಂದೇ ಹಿಡಿಯುತ್ತಿದ್ದರು. ಆ ಚೂರಿಗೆ ಒಂದು ಪೈಸೆಯೂ ಬರುತ್ತಿರಲಿಲ್ಲ.

ಗಾಜು ಎಂದರೇನು?

ಬಾಟ್ಲಿ, ಕಿಟಕಿ, ಬಳೆ ಮೂರೂ ಬಹುಮಟ್ಟಿಗೆ ಒಂದೇ ಜಾತಿಯ ಗಾಜು. ಉಸುಕಿನಲ್ಲಿರುವ ಸಿಲಿಕಾ, ಸೋಡಾ ಮತ್ತು ಸುಣ್ಣದ ಕಲ್ಲು ಈ ಮೂರನ್ನು ಸುಮಾರು 1500 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಕರಗಿಸಿದರೆ ಅದು ಸಿಗುತ್ತದೆ. ಇದರಲ್ಲಿ ಹೆಚ್ಚು ಕಡಿಮೆ ಶೇ. 70ರಿಂದ 74ರಷ್ಟು ಸಿಲಿಕಾ ಇರುತ್ತದೆ. ಉಳಿದದ್ದರಲ್ಲಿ ಸೋಡಿಯಂ ಮತ್ತು ಕ್ಯಾಲ್ಸಿಯಂ ಮುಖ್ಯ. ಬಣ್ಣ ಬರುವುದು ಸ್ವಲ್ಪವೇ ಸೇರಿಸುವ ಲೋಹದ ಆಕ್ಸೈಡುಗಳಿಂದ.

ಗಾಜಿನ ದೊಡ್ಡ ಗುಣ ಎಂದರೆ ಅದನ್ನು ಎಷ್ಟು ಸಲ ಬೇಕಾದರೂ ಕರಗಿಸಿ ಮತ್ತೆ ಗಾಜೇ ಮಾಡಬಹುದು. ಕುಲುಮೆಗೆ ಹಾಕುವ ಕಚ್ಚಾ ವಸ್ತುವಿನಲ್ಲಿ ಶೇ. 10ರಷ್ಟು ಹಳೆಯ ಗಾಜು ಸೇರಿಸಿದರೆ ಸುಮಾರು ಶೇ. 2.5ರಿಂದ 3ರಷ್ಟು ಇಂಧನ ಉಳಿಯುತ್ತದೆ. ಆದ್ದರಿಂದ ಮೊದಲು ಹೇಳಬೇಕಾದ ಮಾತು ಇದು: ಇಡಿಯಾದ ಬಾಟ್ಲಿ ಮತ್ತೆ ಬಾಟ್ಲಿಯಾಗಿ ಹೋಗಲಿ, ಕುಲುಮೆಗೆ ಮುಟ್ಟುವ ಚೂರು ಕುಲುಮೆಗೆ ಹೋಗಲಿ. ಅದಕ್ಕಿಂತ ಒಳ್ಳೆಯ ಬಳಕೆ ಇಲ್ಲ. ಬಣ್ಣ ಬಣ್ಣ ಕೂಡಿದ, ಮಣ್ಣು ಹತ್ತಿದ, ದೂರ ಸಾಗಿಸಲು ಗಿಟ್ಟದ ಗಾಜಿಗೆ ಮಾತ್ರ ಕಟ್ಟಡದ ದಾರಿ ಹುಡುಕಬೇಕು. ನಮ್ಮ ಊರುಗಳಲ್ಲಿ ಉಳಿಯುವುದು ಇಂಥದ್ದೇ ಗಾಜು.

ಸುರ್ಕಿಯಿಂದ ಕಲಿಯುವ ಪಾಠ

ಸಿಮೆಂಟಿಗೆ ಗಾಜು ಹೇಗೆ ಉಪಯೋಗ ಎಂದು ತಿಳಿಯಲು ಹಳೆಯ ಗಾರೆಯಿಂದ ಆರಂಭಿಸೋಣ. ನಮ್ಮ ಹಿರಿಯರು ಸುಣ್ಣಕ್ಕೆ ಸುಟ್ಟ ಇಟ್ಟಿಗೆಯ ಪುಡಿ, ಅಂದರೆ ಸುರ್ಕಿ, ಬೆರೆಸಿ ಗಾರೆ ಅರೆಯುತ್ತಿದ್ದರು. 1911ರಲ್ಲಿ ಕೆಲಸ ಆರಂಭವಾದ ಕೃಷ್ಣರಾಜಸಾಗರ ಅಣೆಕಟ್ಟು ಇಂಥ ಸುರ್ಕಿ ಗಾರೆಯಿಂದಲೇ ಎದ್ದು ನಿಂತಿದೆ. ಬರೀ ಸುಣ್ಣ ನೀರಿನಲ್ಲಿ ಗಟ್ಟಿಯಾಗುವುದಿಲ್ಲ. ಇಟ್ಟಿಗೆ ಪುಡಿಯಲ್ಲಿರುವ ಸಿಲಿಕಾ ಸುಣ್ಣದ ಜೊತೆ ಸೇರಿದಾಗ ನೀರಿಗೂ ಕರಗದ ಅಂಟು ಹುಟ್ಟುತ್ತದೆ. ರೋಮನ್ನರು ಇದೇ ಕೆಲಸಕ್ಕೆ ಇಟಲಿಯ ಪೊಜ್ಜುವೊಲಿ ಊರಿನ ಜ್ವಾಲಾಮುಖಿ ಬೂದಿ ಬಳಸಿದರು. ಆ ಊರಿನ ಹೆಸರಿನಿಂದ ಇಂಥ ಪುಡಿಗಳಿಗೆಲ್ಲ ಪೊಜೊಲಾನ ಎಂಬ ಹೆಸರು ಬಂತು.

ಇಂದಿನ ಸಿಮೆಂಟಿನಲ್ಲೂ ಇದೇ ನಡೆಯುತ್ತದೆ. ಸಿಮೆಂಟು ನೀರು ಕುಡಿದು ಗಟ್ಟಿಯಾಗುವಾಗ ಅಂಟಿನ ಜೊತೆಗೆ ಒಂದಿಷ್ಟು ಸುಣ್ಣವೂ ಬಿಡುಗಡೆಯಾಗುತ್ತದೆ. ಆ ಸುಣ್ಣ ಶಕ್ತಿ ಕೊಡುವುದಿಲ್ಲ, ಸುಮ್ಮನೆ ಒಳಗೆ ಕೂತಿರುತ್ತದೆ. ಅಲ್ಲಿಗೆ ನುಣ್ಣನೆಯ ಸಿಲಿಕಾ ಪುಡಿ ಸೇರಿದರೆ, ಆ ಸುಣ್ಣವೂ ಕೆಲಸಕ್ಕೆ ಬಂದು ಹೊಸ ಅಂಟಾಗುತ್ತದೆ. ರಾಯಚೂರಿನ ಶಾಖೋತ್ಪನ್ನ ವಿದ್ಯುತ್ ಕೇಂದ್ರದಂಥ ಕಡೆ ಕಲ್ಲಿದ್ದಲು ಸುಟ್ಟಾಗ ಬರುವ ಹಾರುಬೂದಿ ಇಂಥ ಪುಡಿ. ಅಂಗಡಿಯಲ್ಲಿ ಸಿಗುವ ಪಿಪಿಸಿ ಸಿಮೆಂಟಿನಲ್ಲಿ ಶೇ. 15ರಿಂದ 35ರವರೆಗೆ ಹಾರುಬೂದಿ ಇರಬಹುದು ಎಂದು ಭಾರತೀಯ ಮಾನಕವೇ ಒಪ್ಪಿದೆ. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಉಕ್ಕು ಕಾರ್ಖಾನೆಯ ಕಿಟ್ಟವೂ ಇಂದು ಸಿಮೆಂಟಿಗೆ ಮತ್ತು ಉಸುಕಿನ ಬದಲಿಗೆ ಬಳಕೆಯಾಗುತ್ತಿದೆ. ನಿನ್ನೆ ಕಸ, ಇಂದು ಸರಕು. ನಮ್ಮ ಪಠ್ಯದ ಭಾಷೆಯಲ್ಲಿ ಹೇಳುವುದಾದರೆ, ವಿಲೇವಾರಿ ಖರ್ಚಿನ ಸಾಲಿನಲ್ಲಿದ್ದ ವಸ್ತು ಆದಾಯದ ಸಾಲಿಗೆ ಬಂತು.

ಗಾಜಿನಲ್ಲಿ ಹಾರುಬೂದಿಗಿಂತಲೂ ಹೆಚ್ಚು ಸಿಲಿಕಾ ಇದೆ. ಅದನ್ನು ಸಿಮೆಂಟಿನಷ್ಟೇ ನುಣ್ಣಗೆ ಅರೆದರೆ ಅದೂ ಪೊಜೊಲಾನವಾಗುತ್ತದೆ. ಎಷ್ಟು ನುಣ್ಣಗೆ? 75 ಮೈಕ್ರಾನಿಗಿಂತ ಸಣ್ಣದಾಗಬೇಕು, ಇನ್ನೂ ಸಣ್ಣದಾದರೆ ಇನ್ನೂ ಒಳ್ಳೆಯದು. 75 ಮೈಕ್ರಾನ್ ಎಂದರೆ ಹೆಚ್ಚು ಕಡಿಮೆ ನಮ್ಮ ತಲೆಗೂದಲಿನ ದಪ್ಪ. ಗಾಳಿಪಟದ ಮಾಂಜಾಕ್ಕೆ ಹುಡುಗರು ಕುಟ್ಟುವ ಗಾಜಿನ ಪುಡಿ ಬೆರಳಿಗೆ ರವೆಯಂತೆ ಚುಚ್ಚುತ್ತದೆ. ಸಿಮೆಂಟಿಗೆ ಬೇಕಾದ ಪುಡಿ ರವೆಯಂತಿದ್ದರೆ ಸಾಲದು, ಮೈದಾ ಹಿಟ್ಟಿನಂತಿರಬೇಕು.

ಇದರಿಂದ ಪರಿಸರಕ್ಕೆ ಏನು ಲಾಭ? ಸಿಮೆಂಟು ಮಾಡಲು ಸುಣ್ಣದ ಕಲ್ಲನ್ನು ಸುಮಾರು 1450 ಡಿಗ್ರಿಯಲ್ಲಿ ಸುಡಬೇಕು. ಬರೀ ಇಂಧನದ ಹೊಗೆಯಲ್ಲ, ಕಲ್ಲಿನೊಳಗಿಂದಲೇ ಅನಿಲ ಬರುತ್ತದೆ. 100 ಕೆಜಿ ಶುದ್ಧ ಸುಣ್ಣದ ಕಲ್ಲು ಸುಟ್ಟರೆ 56 ಕೆಜಿ ಸುಣ್ಣ ಉಳಿದು 44 ಕೆಜಿ ಇಂಗಾಲದ ಡೈಆಕ್ಸೈಡ್ ಗಾಳಿಗೆ ಹೋಗುತ್ತದೆ. ಜಗತ್ತಿನ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆಯಲ್ಲಿ ಶೇ. 7ರಿಂದ 8ರಷ್ಟು ಸಿಮೆಂಟಿನ ಪಾಲು. ಚೀನಾ ಬಿಟ್ಟರೆ ಅತಿ ಹೆಚ್ಚು ಸಿಮೆಂಟು ತಯಾರಿಸುವ ದೇಶ ನಮ್ಮದು. ನಮ್ಮ ಜಿಲ್ಲೆಯ ಯಾದವಾಡದಲ್ಲಿ, ಪಕ್ಕದ ಬಾಗಲಕೋಟೆ ಜಿಲ್ಲೆಯ ಮುದ್ದಾಪುರದಲ್ಲಿ ಸಿಮೆಂಟು ಕಾರ್ಖಾನೆಗಳಿವೆ. ಗಾಜು ಒಮ್ಮೆ ಕುಲುಮೆ ಕಂಡು ಬಂದ ವಸ್ತು. ಅದನ್ನು ಮತ್ತೆ ಸುಡಬೇಕಿಲ್ಲ, ಅರೆದರೆ ಸಾಕು.

ದೊಡ್ಡ ಚೂರಿನ ಅಪಾಯ

ಹಾಗಾದರೆ ಬಾಟ್ಲಿ ಒಡೆದು ಖಡಿಯ ಬದಲು ಕಾಂಕ್ರೀಟಿಗೆ ಸುರಿಯಬಹುದೇ? ಇಲ್ಲ. ಈ ಲೇಖನದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ.

ಮೊದಲ ತೊಂದರೆ, ಗಾಜಿನ ಮೈ ನುಣುಪು. ಖಡಿಯ ಒರಟು ಮೈಯನ್ನು ಸಿಮೆಂಟು ಹಿಡಿದಷ್ಟು ಗಟ್ಟಿಯಾಗಿ ಗಾಜನ್ನು ಹಿಡಿಯುವುದಿಲ್ಲ. ಎರಡನೆಯದು ಇನ್ನೂ ದೊಡ್ಡದು. ಸಿಮೆಂಟಿನಲ್ಲಿ ಕ್ಷಾರ ಇದೆ, ಗಾಜಿನಲ್ಲಿ ಸಿಲಿಕಾ ಇದೆ. ದೊಡ್ಡ ಚೂರಿನ ಬಿರುಕುಗಳಲ್ಲಿ ಕ್ಷಾರ ಹೊಕ್ಕು ಸಿಲಿಕಾವನ್ನು ಕರಗಿಸಿ ಒಂದು ಬಗೆಯ ಲೋಳೆ ಮಾಡುತ್ತದೆ. ಆ ಲೋಳೆ ನೀರು ಕುಡಿದು ಉಬ್ಬುತ್ತದೆ. ಗಟ್ಟಿಯಾದ ಕಾಂಕ್ರೀಟಿನೊಳಗೆ ಉಬ್ಬಲು ಜಾಗವಿಲ್ಲ, ಹಾಗಾಗಿ ಅದು ಕಾಂಕ್ರೀಟನ್ನೇ ಸೀಳುತ್ತದೆ. ಮಳೆಗಾಲದಲ್ಲಿ ಎರಿ ಮಣ್ಣು ಉಬ್ಬಿ ನೆಲ ಒಡೆಯುವುದನ್ನು ನಾವೆಲ್ಲ ನೋಡಿದ್ದೇವೆ. ಕಾಂಕ್ರೀಟಿನ ಒಳಗೆ ಅಂಥದ್ದೇ ಸಣ್ಣ ಸಣ್ಣ ಎರಿ ಹೆಂಟೆಗಳು ಇದ್ದರೆ ಏನಾಗುತ್ತದೋ ಅದೇ ಇಲ್ಲಿ ಆಗುತ್ತದೆ. ಇದು ಒಂದು ತಿಂಗಳಲ್ಲಿ ಕಾಣುವುದಿಲ್ಲ, ವರ್ಷಗಳು ಬೇಕು. ಅಷ್ಟರಲ್ಲಿ ಮನೆಯಲ್ಲಿ ಜನ ವಾಸ ಮಾಡುತ್ತಿರುತ್ತಾರೆ.

ಈ ಕ್ರಿಯೆಯನ್ನು 1940ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಥಾಮಸ್ ಸ್ಟಾಂಟನ್ ಎಂಬ ಎಂಜಿನಿಯರ್ ಗುರುತಿಸಿದರು. ಅಲ್ಲಿ ಅದು ಗಾಜಿನಿಂದಲ್ಲ, ಕೆಲವು ಬಗೆಯ ಕಲ್ಲಿನಿಂದ ಆಗಿತ್ತು. ನಮ್ಮ ದೇಶದ ಹಿರಾಕುಡ್ ಮತ್ತು ರಿಹಂದ್ ಅಣೆಕಟ್ಟುಗಳಲ್ಲೂ ಕಲ್ಲಿನಿಂದಾದ ಇಂಥ ಬಿರುಕುಗಳು ಕಂಡಿವೆ.

ಆಶ್ಚರ್ಯ ಎಂದರೆ ಇದೇ ಗಾಜನ್ನು ನುಣ್ಣಗೆ ಅರೆದರೆ ಅಪಾಯ ಹೋಗುವುದಷ್ಟೇ ಅಲ್ಲ, ಅದು ಈ ಉಬ್ಬುವಿಕೆಯನ್ನು ತಡೆಯುವ ಮದ್ದೂ ಆಗುತ್ತದೆ. ನುಣ್ಣನೆಯ ಪುಡಿ ಬೇಗ ಸುಣ್ಣದೊಡನೆ ಸೇರಿ ಅಂಟಾಗಿ ಮುಗಿದುಹೋಗುತ್ತದೆ, ಲೋಳೆಯಾಗಿ ಉಬ್ಬಲು ಉಳಿಯುವುದಿಲ್ಲ. ಒಂದೇ ವಸ್ತು, ಗಾತ್ರ ಬದಲಾದರೆ ಗುಣ ಬದಲಾಗುತ್ತದೆ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕ್ರಿಶ್ಚಿಯನ್ ಮೇಯರ್ ಅವರ ತಂಡ 1990ರ ದಶಕದಲ್ಲಿ ಈ ಗಾತ್ರದ ಪ್ರಶ್ನೆಯನ್ನೇ ವಿವರವಾಗಿ ಪರೀಕ್ಷಿಸಿತು.

ಮೂರು ದಾರಿಗಳು

ಸುಲಭದಿಂದ ಕಷ್ಟದ ಕಡೆಗೆ ಹೋಗೋಣ.

ಒಂದನೆಯದು, ತುಂಬುವ ಸಾಮಾನಾಗಿ. ಗಾಜನ್ನು ಉಸುಕು ಅಥವಾ ಸಣ್ಣ ಖಡಿಯ ಗಾತ್ರಕ್ಕೆ ಪುಡಿ ಮಾಡಿ ಪೈಪಿನ ಸುತ್ತ, ನೀರು ಇಂಗುವ ಗುಂಡಿಯಲ್ಲಿ, ಕಾಲುದಾರಿಯ ಕೆಳಗಿನ ಪದರದಲ್ಲಿ ಹಾಕುವುದು. ಗಾಜು ನೀರು ಹೀರುವುದಿಲ್ಲ, ಉಬ್ಬುವುದಿಲ್ಲ, ಕೊಳೆಯುವುದಿಲ್ಲ. ನೀರು ಅದರ ಸಂದಿನಿಂದ ಸಲೀಸಾಗಿ ಇಳಿದುಹೋಗುತ್ತದೆ. ಎರಿ ಮಣ್ಣಿನ ನಾಡಿಗೆ ಇದು ಹೇಳಿ ಮಾಡಿಸಿದ ಗುಣ. ಇಲ್ಲಿ ಸಿಮೆಂಟು ಇಲ್ಲದ ಕಾರಣ ಮೇಲೆ ಹೇಳಿದ ಲೋಳೆಯ ಭಯವೂ ಇಲ್ಲ. ಪುಡಿ ಮಾಡುವಾಗ ಯಂತ್ರದಲ್ಲಿ ಉರುಳಿಸಿದರೆ ಅಂಚುಗಳು ಮೊಂಡಾಗುತ್ತವೆ.

ಎರಡನೆಯದು, ಉಸುಕಿನ ಒಂದು ಪಾಲಾಗಿ. ಪೇವರ್ ಬ್ಲಾಕ್, ಟೈಲ್ಸ್, ಮೊಜಾಯಿಕ್ ಫರ್ಸಿಗಳಲ್ಲಿ ಉಸುಕಿನ ಸ್ವಲ್ಪ ಭಾಗ ತೆಗೆದು ಸಣ್ಣ ಗಾಜಿನ ಹರಳು ಹಾಕುವುದು. ಇಲ್ಲಿ ಹಾರುಬೂದಿ ಇರುವ ಪಿಪಿಸಿ ಸಿಮೆಂಟು ಬಳಸಿದರೆ ಉಬ್ಬುವ ಭಯ ಬಹಳ ಕಡಿಮೆಯಾಗುತ್ತದೆ. ಹಸಿರು, ಕಂದು, ನೀಲಿ ಚೂರುಗಳು ಪಾಲಿಶ್ ಆದ ಮೇಲೆ ಚೆಂದವೂ ಕಾಣುತ್ತವೆ. ನಮ್ಮ ಮಲಪ್ರಭೆಯ ಒಡಲಿನಿಂದ ಎಷ್ಟು ಉಸುಕು ತೆಗೆದಿದ್ದೇವೆ ಎಂದು ಎಲ್ಲರಿಗೂ ಗೊತ್ತು. ಈಗ ಕಲ್ಲು ಒಡೆದು ಎಂ-ಸ್ಯಾಂಡ್ ಮಾಡುತ್ತಿದ್ದೇವೆ. ಒಂದು ಬುಟ್ಟಿ ಗಾಜಿನ ಉಸುಕು ಎಂದರೆ ಒಂದು ಬುಟ್ಟಿ ನದಿಯ ಉಸುಕು ಉಳಿಯಿತು ಎಂದೇ ಅರ್ಥ. ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದಲ್ಲಿ 2020ರಲ್ಲಿ ಟುಲೇನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಒಂದು ಮನೆಯ ಹಿತ್ತಲಿನಲ್ಲಿ ಬಾಟ್ಲಿ ಪುಡಿ ಮಾಡಿ ಉಸುಕು ಮಾಡಲು ಆರಂಭಿಸಿದರು. ಗ್ಲಾಸ್ ಹಾಫ್ ಫುಲ್ ಎಂಬ ಆ ಸಂಸ್ಥೆಯ ಉಸುಕು ಇಂದು ಕೊಚ್ಚಿ ಹೋಗುತ್ತಿರುವ ಸಮುದ್ರ ದಂಡೆಯನ್ನು ಮರಳಿ ಕಟ್ಟಲು ಬಳಕೆಯಾಗುತ್ತಿದೆ. ಅವರೂ ನಮ್ಮಂತೆ ಓದುವ ಮಕ್ಕಳೇ ಆಗಿದ್ದರು.

ಮೂರನೆಯದು, ಸಿಮೆಂಟಿನ ಒಂದು ಪಾಲಾಗಿ. ನುಣ್ಣನೆಯ ಪುಡಿಯನ್ನು ಸಿಮೆಂಟಿನ ತೂಕದ ಶೇ. 10ರಿಂದ 20ರಷ್ಟರ ಬದಲಿಗೆ ಹಾಕುವುದು. ಕೆನಡಾದ ಮಾಂಟ್ರಿಯಲ್ ನಗರದ ನನ್ಸ್ ದ್ವೀಪದಲ್ಲಿ ಡಾರ್ವಿನ್ ಸೇತುವೆಗಳನ್ನು ಮರಳಿ ಕಟ್ಟುವಾಗ ಶೇ. 10ರಷ್ಟು ಸಿಮೆಂಟಿನ ಬದಲು ಗಾಜಿನ ಪುಡಿ ಹಾಕಿದರು. ಅದಕ್ಕೆ ಸುಮಾರು 70,000 ಬಾಟ್ಲಿಗಳ ಗಾಜು ಹಿಡಿಯಿತು. ಆದರೆ ಅದರ ಹಿಂದೆ ಶೆರ್‌ಬ್ರೂಕ್ ವಿಶ್ವವಿದ್ಯಾಲಯದ ಹಲವು ವರ್ಷಗಳ ಪರೀಕ್ಷೆ ಇತ್ತು ಎಂಬುದನ್ನು ಮರೆಯಬಾರದು. ಅಮೆರಿಕದಲ್ಲಿ 2020ರಲ್ಲಿ ಇಂಥ ಪುಡಿಗಾಗಿಯೇ ಒಂದು ಮಾನಕ ಬಂತು. ನಮ್ಮ ದೇಶದ ಸಿಮೆಂಟು ಮಾನಕಗಳಲ್ಲಿ ಹಾರುಬೂದಿ, ಕಿಟ್ಟ, ಸುಟ್ಟ ಜೇಡಿಗೆ ಜಾಗ ಇದೆ. ಆ ಪಟ್ಟಿಗೆ ಗಾಜು ಸೇರಿದ ದಿನ ಕಾರ್ಖಾನೆಗಳ ದೊಡ್ಡ ಗಿರಣಿಗಳಲ್ಲೇ ಅದು ಅರೆಯಲ್ಪಡಬಹುದು.

ಇನ್ನೊಂದು ಎಚ್ಚರಿಕೆ: ಪಿಪಿಸಿ ಚೀಲದಲ್ಲಿ ಆಗಲೇ ಹಾರುಬೂದಿ ಇದೆ. ಅದಕ್ಕೆ ಮತ್ತೆ ಗಾಜಿನ ಪುಡಿ ಬೆರೆಸಿದರೆ ನಿಜವಾದ ಸಿಮೆಂಟು ತೀರ ಕಡಿಮೆಯಾಗುತ್ತದೆ. ಪುಡಿ ಬೆರೆಸುವುದಾದರೆ ಒಪಿಸಿ ಸಿಮೆಂಟಿಗೇ ಬೆರೆಸಬೇಕು. ಚೀಲದ ಮೇಲೆ ಯಾವುದು ಎಂದು ಬರೆದಿರುತ್ತದೆ, ಓದಿ ನೋಡಬೇಕು. ಗಾಜಿನ ಪುಡಿ ಬೆರೆತ ಕಾಂಕ್ರೀಟು ಮೊದಲ ವಾರ ನಿಧಾನವಾಗಿ ಗಟ್ಟಿಯಾಗುತ್ತದೆ, ಮುಂದೆ ಎರಡು ಮೂರು ತಿಂಗಳವರೆಗೂ ಬಲ ಕೂಡುತ್ತಾ ಹೋಗುತ್ತದೆ. ಆದ್ದರಿಂದ ನೀರು ಹೊಡೆಯುವುದನ್ನು ಅವಸರದಲ್ಲಿ ನಿಲ್ಲಿಸಬಾರದು.

ಒಂದು ಲೆಕ್ಕ ಮಾಡೋಣ

100 ಅಡಿ ಉದ್ದ, 4 ಅಡಿ ಅಗಲದ ಒಂದು ಕಾಲುದಾರಿಗೆ ಪೇವರ್ ಹಾಕುತ್ತೇವೆ ಎಂದುಕೊಳ್ಳಿ. ಅದು 400 ಚದರ ಅಡಿ, ಅಂದರೆ ಸುಮಾರು 37 ಚದರ ಮೀಟರ್. ಬ್ಲಾಕಿನ ದಪ್ಪ 60 ಮಿಲಿಮೀಟರ್ ಹಿಡಿದರೆ ಒಟ್ಟು ಕಾಂಕ್ರೀಟು ಸುಮಾರು 2.2 ಘನ ಮೀಟರ್. ಘನ ಮೀಟರಿಗೆ 400 ಕೆಜಿ ಸಿಮೆಂಟು ಎಂದರೆ 880 ಕೆಜಿ. ಇದರಲ್ಲಿ ಶೇ. 20 ಗಾಜಿನ ಪುಡಿ ಎಂದರೆ 176 ಕೆಜಿ. ಬಾಟ್ಲಿಗೆ ಅರ್ಧ ಕೆಜಿ ಹಿಡಿದರೆ 352 ಬಾಟ್ಲಿ ಬೇಕು.

ಉಳಿದ ಸಿಮೆಂಟು ಎಷ್ಟು? 176 ಕೆಜಿ, ಅಂದರೆ ಮೂರೂವರೆ ಚೀಲ. ಅಷ್ಟೇ. ಈಗ ಖರ್ಚಿನ ಕಡೆ ನೋಡಿ: ಗಾಜು ಕೂಡಿಸುವ ಕೂಲಿ, ತೊಳೆಯುವ ನೀರು, ಅರೆಯುವ ಕರೆಂಟು, ಜರಡಿ ಹಿಡಿಯುವ ಸಮಯ. ಸಣ್ಣ ಪ್ರಮಾಣದಲ್ಲಿ ಮಾಡಿದರೆ ಮೂರೂವರೆ ಚೀಲದ ಬೆಲೆಯನ್ನು ಇವು ಸುಲಭವಾಗಿ ದಾಟುತ್ತವೆ. ಇಷ್ಟು ಲೆಕ್ಕ ಹಾಕಿದ ಮೇಲೆ ನಾನು ಪುಸ್ತಕ ಮುಚ್ಚಬೇಕಿತ್ತು. ಆದರೆ ಲೆಕ್ಕ ಇನ್ನೂ ಮುಗಿದಿಲ್ಲ.

ಆ 352 ಬಾಟ್ಲಿಗಳು ಒಡೆದು ಹಳ್ಳದಲ್ಲಿ ಬಿದ್ದಿದ್ದರೆ ಆಗುವ ಖರ್ಚು ಯಾರ ಪುಸ್ತಕದಲ್ಲಿ ಬರೆದಿದೆ? ಗಾಯಕ್ಕೆ ಹಾಕಿಸಿದ ಹೊಲಿಗೆ, ಧನುರ್ವಾತದ ಇಂಜೆಕ್ಷನ್, ಕೆಲಸ ತಪ್ಪಿದ ನಾಲ್ಕು ದಿನದ ಕೂಲಿ, ಕುಂಟಿದ ಎತ್ತು. ಇವನ್ನು ಬಾಟ್ಲಿ ಎಸೆದವನು ಕೊಡುವುದಿಲ್ಲ, ಮಾರಿದವನೂ ಕೊಡುವುದಿಲ್ಲ. ಗಾಯವಾದವರೇ ಕೊಡುತ್ತಾರೆ. ಅರ್ಥಶಾಸ್ತ್ರದಲ್ಲಿ ಇದನ್ನು ಸಾಮಾಜಿಕ ವೆಚ್ಚ ಎನ್ನುತ್ತಾರೆ. ಈ ವೆಚ್ಚ ಸೇರಿಸಿದಾಗ ಮಾತ್ರ ಗಾಜಿನ ಲೆಕ್ಕ ಸರಿಯಾಗಿ ಕೂಡುತ್ತದೆ. ದಾರಿಯ ಮೇಲಿನ ನೋವು ಕೊಡುವ ವಸ್ತುವನ್ನು ಸರಿಸುವುದೂ ಸದಖಾ ಎಂದು ನಾವು ಚಿಕ್ಕಂದಿನಿಂದ ಕಲಿತಿದ್ದೇವೆ. ಯಾರ ಮನೆಯ ಪಾಠವೇ ಆಗಲಿ, ದಾರಿಯ ಮುಳ್ಳು ತೆಗೆಯಬೇಡ ಎಂದು ಯಾರೂ ಕಲಿಸುವುದಿಲ್ಲ.

ಹಾಗಾಗಿ ನನ್ನ ಅಭಿಪ್ರಾಯದಲ್ಲಿ ಊರಿನ ಮಟ್ಟದಲ್ಲಿ ಮೊದಲನೆಯ ಮತ್ತು ಎರಡನೆಯ ದಾರಿ ಗಿಟ್ಟುತ್ತವೆ, ಏಕೆಂದರೆ ಅಲ್ಲಿ ಹಿಟ್ಟಿನಷ್ಟು ನುಣ್ಣಗೆ ಅರೆಯುವ ಖರ್ಚಿಲ್ಲ. ಮೂರನೆಯ ದಾರಿ ದೊಡ್ಡ ಗಿರಣಿ ಇರುವವರಿಗೇ ಸರಿ.

ಅಬ್ಬಾನ ಮಾತು

ಇದನ್ನೆಲ್ಲ ಓದಿ ಟಿಪ್ಪಣಿ ಮಾಡಿಕೊಂಡು ನಾನು ಅಬ್ಬಾನ ಮುಂದೆ ಹೇಳಿದೆ. ಅವರು ಪೂರ್ತಿ ಕೇಳಿದರು. ಆಮೇಲೆ ಹೇಳಿದ್ದು ಇಷ್ಟು: "ಬೇಟಿ, ನಾಳೆ ಸ್ಲ್ಯಾಬ್ ಬಿರುಕು ಬಿಟ್ಟರೆ ಜನ ಗಾಜಿಗೆ ಬೈಯುವುದಿಲ್ಲ, ಗವಂಡಿಗೆ ಬೈಯುತ್ತಾರೆ."

ಈ ಮಾತಿನ ತೂಕ ನಮ್ಮ ಭಾಗದವರಿಗೆ ಚೆನ್ನಾಗಿ ಗೊತ್ತು. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿದಾಗ ಸವದತ್ತಿ, ರಾಮದುರ್ಗ ತಾಲೂಕುಗಳ ನದಿ ದಂಡೆಯ ಎಷ್ಟೋ ಊರುಗಳಲ್ಲಿ ಮನೆಗಳು ಬಿದ್ದವು. ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತು. ಆ ಹಣದಲ್ಲಿ ಗೋಡೆ ಎಬ್ಬಿಸಿದವರಿಗೆ ಎರಡನೆಯ ಸಲ ಮನೆ ಕಟ್ಟುವ ಶಕ್ತಿ ಇಲ್ಲ. ಬಡವರ ಮನೆ ಯಾರ ಪ್ರಯೋಗಶಾಲೆಯೂ ಅಲ್ಲ. "ಅಗ್ಗ ಆಗುತ್ತದೆ" ಎಂದು ಹೇಳಿ ಅವರ ಚಾವಣಿಯ ಮೇಲೆ ಪರೀಕ್ಷೆ ಮಾಡುವುದು ತಪ್ಪು.

ಬೆಂಗಳೂರಿನ ಅಹ್ಮದ್ ಖಾನ್ ಮತ್ತು ರಸೂಲ್ ಖಾನ್ ಸಹೋದರರ ಉದಾಹರಣೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಪ್ಲಾಸ್ಟಿಕ್ ಚೀಲ ತಯಾರಿಸುತ್ತಿದ್ದ ಅವರು ಕಸದ ಪ್ಲಾಸ್ಟಿಕ್ಕನ್ನು ಡಾಂಬರಿಗೆ ಬೆರೆಸಿ ರಸ್ತೆ ಮಾಡುವ ದಾರಿ ಕಂಡುಕೊಂಡರು. ಆದರೆ ಆ ಮಿಶ್ರಣ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಪರೀಕ್ಷೆಗೆ ಒಳಗಾಯಿತು. ಆಮೇಲೆ ನಗರದ ರಸ್ತೆಗಳಿಗೆ ಬಂತು. ಮೊದಲು ಪರೀಕ್ಷೆ, ಆಮೇಲೆ ಬಳಕೆ. ಗಾಜಿಗೂ ಇದೇ ಕ್ರಮ ಇರಬೇಕು. 150 ಮಿಲಿಮೀಟರಿನ ಘನಾಕಾರದ ಅಚ್ಚು ಎರೆದು, 28 ದಿನ ನೀರಿನಲ್ಲಿಟ್ಟು, ಯಂತ್ರದಲ್ಲಿ ಒತ್ತಿ ನೋಡುವ ಪರೀಕ್ಷೆ ಸಿವಿಲ್ ವಿಭಾಗವಿರುವ ಎಂಜಿನಿಯರಿಂಗ್ ಮತ್ತು ಪಾಲಿಟೆಕ್ನಿಕ್ ಕಾಲೇಜುಗಳಲ್ಲಿ ನಡೆಯುವಂಥದ್ದು.

ಕೊನೆಗೆ ಅಬ್ಬಾ ಒಂದು ಗೆರೆ ಎಳೆದು ಕೊಟ್ಟರು. ಸ್ಲ್ಯಾಬ್, ಬೀಮ್, ಕಾಲಮ್, ಪಾಯಗಳಿಗೆ ಗಾಜು ಬೇಡ. ಕಾಲುದಾರಿ, ಅಂಗಳದ ಬ್ಲಾಕ್, ಗಿಡದ ಕಟ್ಟೆ, ನೀರು ಇಂಗುವ ಗುಂಡಿಗೆ ಆಗಬಹುದು. ಅಲ್ಲಿ ಒಂದು ಕಲ್ಲು ಒಡೆದರೆ ಒಂದು ಕಲ್ಲು ಬದಲಿಸಿದರೆ ಆಯಿತು, ಯಾರ ತಲೆಯ ಮೇಲೂ ಬೀಳುವುದಿಲ್ಲ. ಎಂಜಿನಿಯರ್ ಅಲ್ಲದ ನಮ್ಮಂಥವರಿಗೆ ಇದಕ್ಕಿಂತ ಸ್ಪಷ್ಟವಾದ ಗೆರೆ ಬೇಕಿಲ್ಲ.

ಯಾವ ಗಾಜು ಬೇಡ?

ಎಲ್ಲ ಗಾಜೂ ಒಂದೇ ಅಲ್ಲ. ಇವುಗಳನ್ನು ಬೇರೆ ಇಡಬೇಕು:

ಟ್ಯೂಬ್‌ಲೈಟ್ ಮತ್ತು ಸಿಎಫ್ಎಲ್ ಬಲ್ಬ್: ಒಳಗೆ ಪಾದರಸ ಇದೆ. ಮಾಂಜಾಕ್ಕೆ ಟ್ಯೂಬ್‌ಲೈಟ್ ಕುಟ್ಟುವ ತಮ್ಮಂದಿರಿಗೆ ಇದನ್ನು ಮುದ್ದಾಂ ಹೇಳಿ.

ಹಳೆಯ ಡಬ್ಬಾ ಟಿವಿಯ ಗಾಜು: ಇದರಲ್ಲಿ ಸೀಸ ಇದೆ.

ಆಸ್ಪತ್ರೆಯ ಇಂಜೆಕ್ಷನ್ ಬಾಟ್ಲಿ: ಇದು ವೈದ್ಯಕೀಯ ತ್ಯಾಜ್ಯ, 2016ರ ನಿಯಮದ ಪ್ರಕಾರ ಆಸ್ಪತ್ರೆಯವರೇ ಬೇರೆಯಾಗಿ ವಿಲೇವಾರಿ ಮಾಡಬೇಕು.

ವಾಹನದ ಮುಂದಿನ ಗಾಜು: ನಡುವೆ ಪ್ಲಾಸ್ಟಿಕ್ ಹಾಳೆ ಇರುತ್ತದೆ.

ಬಿಸಿ ತಡೆಯುವ ಅಡುಗೆ ಪಾತ್ರೆ, ಚೀನಿ ಕಪ್ಪು ಬಸಿ: ಇವುಗಳ ರಚನೆ ಬೇರೆ.

ಇನ್ನು ಸೋಡಾ, ಜ್ಯೂಸ್, ಶರಬತ್ತಿನ ಬಾಟ್ಲಿಗಳನ್ನು ಚೆನ್ನಾಗಿ ತೊಳೆಯಲೇಬೇಕು. ಸಕ್ಕರೆಗೂ ಸಿಮೆಂಟಿಗೂ ಆಗಿಬರುವುದಿಲ್ಲ. ಸಿಮೆಂಟಿನ ತೂಕದ ಸಾವಿರದಲ್ಲಿ ಒಂದು ಪಾಲು ಸಕ್ಕರೆ ಸೇರಿದರೂ ಅದು ಗಟ್ಟಿಯಾಗುವುದು ಬಹಳ ತಡವಾಗುತ್ತದೆ. ಹಳೆಯ ಸುಣ್ಣದ ಗಾರೆಗೆ ಬೆಲ್ಲದ ನೀರು ಹಾಕುತ್ತಿದ್ದರು, ಸಿಮೆಂಟಿಗೆ ಅದು ನಡೆಯುವುದಿಲ್ಲ. ಬಳೆಯ ಮೇಲಿನ ಜರಿ, ಬಾಟ್ಲಿಯ ಲೇಬಲ್, ಮುಚ್ಚಳದ ತಗಡು ಇವನ್ನೂ ತೆಗೆಯಬೇಕು. ಗಾಜು ಒಡೆಯುವವರಿಗೆ ದಪ್ಪ ಕೈಗವಸು, ಕನ್ನಡಕ, ಬೂಟು, ಮೂಗಿಗೆ ಮಾಸ್ಕ್ ಇಲ್ಲದೆ ಕೆಲಸ ಮುಟ್ಟಬಾರದು. ನೀರು ಚಿಮುಕಿಸಿ ಒಡೆದರೆ ಧೂಳು ಏಳುವುದಿಲ್ಲ.

ನಾವು ಏನು ಮಾಡಬಹುದು?

ಗೆಳೆಯ ಗೆಳತಿಯರೇ, ನಾವು ನಾಳೆಯೇ ಬ್ಲಾಕ್ ಕಾರ್ಖಾನೆ ತೆರೆಯಬೇಕಿಲ್ಲ. ಎಲ್ಲಕ್ಕೂ ಮೊದಲ ಹೆಜ್ಜೆ ಬೇರೆ ಮಾಡುವುದು. ಮನೆಯಲ್ಲಿ ಬಾಟ್ಲಿ, ಬಳೆ, ಕನ್ನಡಿ ಏನೇ ಒಡೆದರೂ ಚೂರನ್ನು ಉಳಿದ ಕಸದ ಜೊತೆ ಹಾಕಬೇಡಿ. ಒಂದು ಹಳೆಯ ಡಬ್ಬಿಯಲ್ಲೋ, ಸಿಮೆಂಟು ಚೀಲದಲ್ಲೋ ಕೂಡಿಡಿ. ಕಸದ ಗಾಡಿಗೆ ಕೊಡುವಾಗ "ಇದರಲ್ಲಿ ಗಾಜಿದೆ" ಎಂದು ಬಾಯಿಬಿಟ್ಟು ಹೇಳಿ. ಇಷ್ಟಕ್ಕೆ ಯಂತ್ರ ಬೇಡ, ದುಡ್ಡು ಬೇಡ. ಕಸ ಎತ್ತುವವರ ಕೈ ಉಳಿಯುತ್ತದೆ.

ಎರಡನೆಯದು ಕಾಲೇಜಿನ ಮಟ್ಟದ ಕೆಲಸ. ನಮ್ಮ ಎನ್ಎಸ್ಎಸ್ ಘಟಕ ಆವರಣದ ಹಿಂದೆ ಒಂದು ಡ್ರಮ್ ಇಟ್ಟು ಮೂರು ತಿಂಗಳು ಗಾಜು ಕೂಡಿಸಿ ತೂಕ ಬರೆದಿಡಬಹುದು. ವಾಣಿಜ್ಯ ವಿಭಾಗದವರು ಲೆಕ್ಕ ಇಡಲಿ, ವಿಜ್ಞಾನ ವಿಭಾಗದವರು ಬೇರ್ಪಡಿಸುವ ಕ್ರಮ ನೋಡಿಕೊಳ್ಳಲಿ. ತಿಂಗಳಿಗೆ ಎಷ್ಟು ಗಾಜು ಬರುತ್ತದೆ ಎಂಬ ಅಂಕಿ ಕೈಯಲ್ಲಿದ್ದರೆ ಗ್ರಾಮ ಪಂಚಾಯಿತಿಯವರ ಮುಂದೆಯೋ, ಪೇವರ್ ಬ್ಲಾಕ್ ಮಾಡುವವರ ಮುಂದೆಯೋ ಮಾತಾಡಲು ಬರುತ್ತದೆ. ಬರಿಗೈಯಲ್ಲಿ ಹೋಗಿ ಪರಿಸರ ಉಳಿಸಿ ಎಂದರೆ ಯಾರೂ ಕೇಳುವುದಿಲ್ಲ, ತೂಕ ಮತ್ತು ಖರ್ಚು ಬರೆದ ಹಾಳೆ ತೋರಿಸಿದರೆ ಕೂತು ಕೇಳುತ್ತಾರೆ.

ಮೂರನೆಯದು, ಜಾತ್ರೆಯ ಸಮಯ. ಬಳೆ ಅಂಗಡಿಗಳ ಸಾಲಿನಲ್ಲಿ ಚೂರು ಹಾಕಲು ಎರಡು ಡಬ್ಬಿ ಇಟ್ಟರೆ ಸಾಕು. ಬಳೆ ವ್ಯಾಪಾರಿಗಳೇ ಮೊದಲು ಒಪ್ಪುತ್ತಾರೆ ಎಂದು ನಾನಿ ಹೇಳುತ್ತಾರೆ. ದಿನವಿಡೀ ಆ ಚೂರಿನ ಮೇಲೆ ಕೂಡುವವರು ಅವರೇ ತಾನೆ.

ಡ್ರಮ್ಮಿಗೆ ಜಾಗ ಎಲ್ಲಿ ಎಂಬುದನ್ನು ಪ್ರಾಂಶುಪಾಲರ ಮುಂದೆ ಕೇಳಲು ನಾನು ಒಂದು ಅರ್ಜಿ ಬರೆದಿದ್ದೇನೆ. ಸಹಿ ಹಾಕುವವರು ಬೇಕು. ಯಾವ ವಿಭಾಗದವರಾದರೂ ಸರಿ, ಮಧ್ಯಾಹ್ನದ ಬಿಡುವಿನಲ್ಲಿ ಗ್ರಂಥಾಲಯದ ಹತ್ತಿರ ಬನ್ನಿ.